ಫಾರ್ವರ್ಡ್ ಬರುವ ತನಕ ಕಾಯುವವರು ಪತ್ರಕರ್ತರೇ?

ಕಳೆದ ವರ್ಷ ಆಷಾಢದ ಒಂದು ಭಾನುವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ನಮ್ಮ ತಾಲ್ಲೂಕು ಪತ್ರಕರ್ತರ ವಾಟ್ಸಾಪ್ ಗುಂಪಿಗೆ ಒಂದು ಪಿಡಿಎಫ್ ಬಂತು. ಒಂದು ನೇಮಕಾತಿಯ ತಾತ್ಕಾಲಿಕ ಆಯ್ಕೆ ಪಟ್ಟಿ. ಯಾರು ಮೊದಲು ಕಳಿಸಿದರು, ಯಾವಾಗ ಕಳಿಸಿದರು ಎಂಬುದಿಲ್ಲ, ಬರೀ 'ಫಾರ್ವರ್ಡೆಡ್' ಎಂಬ ಗುರುತು. ನಾನು ಅದನ್ನು ನಮ್ಮ ಹೋಬಳಿಯ ಎರಡು ಗುಂಪುಗಳಿಗೆ ದಾಟಿಸಿದೆ, ನಾಲ್ಕು ಸಾಲಿನ ಸುದ್ದಿ ಮಾಡಿ ಪತ್ರಿಕೆಗೂ ಕಳಿಸಿದೆ. ಕೆಲಸ ಮುಗಿಯಿತು ಎಂದುಕೊಂಡು ಮಟನ್ ತರಲು ಹೊರಟೆ.

ಸೋಮವಾರ ಪಕ್ಕದ ಹಳ್ಳಿಯ ಹೆಣ್ಣುಮಗಳೊಬ್ಬರು ಫೋನ್ ಮಾಡಿದರು. ಗಂಡ ತೀರಿಕೊಂಡು ನಾಲ್ಕು ವರ್ಷ, ಇಬ್ಬರು ಮಕ್ಕಳು, ಹೊಲಿಗೆ ಯಂತ್ರದ ಮೇಲೆ ಸಂಸಾರ. ಆ ಪಟ್ಟಿಯಲ್ಲಿ ಅವರ ಹೆಸರಿತ್ತು. ಆದರೆ ಅಂಕಪಟ್ಟಿಯಲ್ಲಿ 471 ಇದ್ದದ್ದು ಪಟ್ಟಿಯಲ್ಲಿ 417 ಎಂದು ಅಚ್ಚಾಗಿತ್ತು. ಎರಡು ಅಂಕಿ ಅದಲುಬದಲಾದದ್ದಕ್ಕೆ ಮೊದಲ ಸ್ಥಾನದಿಂದ ಆರನೆಯದಕ್ಕೆ ಬಿದ್ದಿದ್ದರು. ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ ಎಂದು ಪಟ್ಟಿಯ ಕೆಳಗೆ ಬರೆದಿತ್ತು. ಪ್ರಕಟವಾದ ದಿನದಿಂದ ಏಳು ದಿನ.

ಅವರೊಂದಿಗೆ ಕಚೇರಿಗೆ ಹೋದೆ. ಗುಮಾಸ್ತರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಪಟ್ಟಿ ಸೈಟಿಗೆ ಏರಿದ್ದು ಅದರ ಹಿಂದಿನ ವಾರದ ಶುಕ್ರವಾರ ಸಂಜೆ. ಗಡುವು ಮುಗಿದದ್ದು ಮೊನ್ನೆ ಶುಕ್ರವಾರ. ನನಗೆ ಫಾರ್ವರ್ಡ್ ಬಂದದ್ದು ಒಂಬತ್ತನೇ ದಿನ. 'ವೆಬ್‌ಸೈಟಲ್ಲಿ ಹಾಕಿದ್ವಲ್ಲ ಸಾರ್, ನೋಡ್ಕೊಳ್ಳೋದು ಅಭ್ಯರ್ಥಿಗಳ ಜವಾಬ್ದಾರಿ' ಎಂದರು. ಕಾಗದದ ಮಟ್ಟಿಗೆ ಅವರ ಮಾತು ಸರಿಯೇ ಇತ್ತು.

ಹೊರಗೆ ಬಂದ ಮೇಲೆ ಆ ಹೆಣ್ಣುಮಗಳು ಅಳಲಿಲ್ಲ, ಬೈಯಲಿಲ್ಲ. 'ಅಣ್ಣಾ, ನಾವಾದ್ರೆ ಹಳ್ಳಿಯೋರು. ನೀವು ಪೇಪರ್ನೋರು. ನಿಮಗೂ ಗೊತ್ತಾಗ್ಲಿಲ್ವಾ?' ಎಂದರು.

ಈ ಬರಹ ಆ ಪ್ರಶ್ನೆಗೆ ಉತ್ತರ. ಉತ್ತರ ನನ್ನ ಪರವಾಗಿಲ್ಲ. ಗೆಳೆಯರೇ, ನಿಮ್ಮ ಪರವಾಗಿಯೂ ಇಲ್ಲ.

ಆ ವಾರ ರಾತ್ರಿ ಕೂತು ಆ ಸೈಟನ್ನು ತಡಕಾಡಿದೆ. ವಿಳಾಸದ ಕೊನೆಗೆ ಒಂದು ಓರೆಗೀಟು ಹಾಕಿ, 'ಫೀಡ್' ಎಂಬ ನಾಲ್ಕಕ್ಷರದ ಇಂಗ್ಲಿಷ್ ಪದ ಒತ್ತಿದೆ. ತೆರೆದುಕೊಂಡಿತು! ಆ ಸೈಟಿಗೆ ಫೀಡ್ ಇತ್ತು. ಯಾವ ಅಧಿಕಾರಿಯೂ ಮುತುವರ್ಜಿಯಿಂದ ಹಾಕಿಸಿದ್ದಲ್ಲ, ಸೈಟು ಕಟ್ಟಿದ ತಂತ್ರಾಂಶ ತಾನಾಗಿ ಹುಟ್ಟಿಸಿದ್ದು. ಅದರಲ್ಲಿ ಆ ಪಟ್ಟಿಯ ಹೆಸರು, ಕೊಂಡಿ, ಶುಕ್ರವಾರ ಸಂಜೆಯ ಗಂಟೆ ನಿಮಿಷ ಸಮೇತ ದಾಖಲಾಗಿತ್ತು. ನನ್ನ ಮೊಬೈಲಿನಲ್ಲಿ ಒಂದು ಫೀಡ್ ರೀಡರ್ ಇದ್ದು, ಆ ಒಂದು ವಿಳಾಸ ಅದರಲ್ಲಿ ಇದ್ದಿದ್ದರೆ ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ನನಗೆ ಗೊತ್ತಾಗುತ್ತಿತ್ತು. ಇಡೀ ಏಳು ದಿನ ಕೈಯಲ್ಲಿರುತ್ತಿದ್ದವು. ಖರ್ಚು ಸೊನ್ನೆ.

ಇದನ್ನು ನಮ್ಮ ಜಿಲ್ಲೆಯ ಪತ್ರಕರ್ತರ ಗುಂಪಿನಲ್ಲಿ ಹಂಚಿಕೊಂಡೆ. 'ಎಲ್ಲರೂ ಆರೆಸ್ಸೆಸ್ ಬಳಸೋಣ' ಎಂದು ಬರೆದದ್ದೇ ತಪ್ಪಾಯಿತು. ಇಬ್ಬರು ಜಗಳಕ್ಕೆ ಬಂದರು, ಮೂವರು ಕೈಮುಗಿದ ಚಿತ್ರ ಹಾಕಿದರು, ಒಬ್ಬರು 'ಗುಂಪಿನಲ್ಲಿ ರಾಜಕೀಯ ಬೇಡ' ಎಂದರು. ಹಾಗಾಗಿ ಈ ಬರಹದಲ್ಲಿ ಆದಷ್ಟೂ ಫೀಡ್ ಎಂದೇ ಕರೆಯುತ್ತೇನೆ. ಇಂಗ್ಲಿಷಿನ ಮೂರಕ್ಷರ ಒಂದೇ, ವಿಷಯ ಬೇರೆ.

ಫೀಡ್ ಎಂದರೇನು? ಪಂಚಾಯ್ತಿ ಕಚೇರಿಯ ನೋಟಿಸ್ ಬೋರ್ಡ್ ನೆನಪಿಸಿಕೊಳ್ಳಿ. ಹೊಸ ನೋಟಿಸು, ಹಳೇ ನೋಟಿಸು, ಮೂರು ವರ್ಷದ ಹಿಂದಿನ ಪಲ್ಸ್ ಪೋಲಿಯೊ ಭಿತ್ತಿಪತ್ರ ಎಲ್ಲ ಒಂದರ ಮೇಲೊಂದು. ಬಹುತೇಕ ಸೈಟುಗಳೂ ಹಾಗೇ ಇರುತ್ತವೆ. ಫೀಡ್ ಎಂದರೆ ಆ ಬೋರ್ಡಿನ ಪಕ್ಕದಲ್ಲಿಟ್ಟ ರಿಜಿಸ್ಟರು. ಹೊಸದು ಏನೇ ಬಂದರೂ ಅದರ ಶೀರ್ಷಿಕೆ, ಕೊಂಡಿ, ಎರಡು ಸಾಲಿನ ಸಾರಾಂಶ, ಹಾಕಿದ ದಿನಾಂಕ, ಗಂಟೆ, ಒಂದು ಗುರುತಿನ ಸಂಖ್ಯೆ ಅದರ ಮೇಲಿನ ಸಾಲಿಗೆ ಸೇರುತ್ತವೆ. ಫೀಡ್ ರೀಡರ್ ಎಂದರೆ ನೀವು ಇಟ್ಟುಕೊಂಡ ಚುರುಕಾದ ಹುಡುಗ. ನೀವು ಹೇಳಿದ ನಲವತ್ತು ಬೋರ್ಡುಗಳ ರಿಜಿಸ್ಟರನ್ನು ಗಂಟೆಗೊಮ್ಮೆ ನೋಡಿಕೊಂಡು ಬಂದು, ಹಿಂದಿನ ಸಲ ಇಲ್ಲದ್ದನ್ನು ಮಾತ್ರ ನಿಮ್ಮ ಮುಂದೆ ಇಡುತ್ತಾನೆ. ಸಂಬಳ ಕೇಳುವುದಿಲ್ಲ, ರಜೆ ಹಾಕುವುದಿಲ್ಲ.

ಇದರಲ್ಲಿ ಇನ್ನೂ ಎರಡು ಗುಣಗಳಿವೆ. ಮೊದಲನೆಯದು, ಫೀಡಿಗೆ ಚಂದಾದಾರರಾಗಲು ನಿಮ್ಮ ಫೋನ್ ನಂಬರನ್ನೋ ಇಮೇಲನ್ನೋ ಆ ಸೈಟಿಗೆ ಕೊಡಬೇಕಿಲ್ಲ. ನೀವು ಯಾರೆಂದು ಹೇಳದೆಯೇ ಓದಬಹುದು. ಒಂದು ಕಚೇರಿಯ ಮೇಲೆ ಕಣ್ಣಿಟ್ಟಿರುವ ವರದಿಗಾರನಿಗೆ ಇದು ಸಣ್ಣ ಮಾತಲ್ಲ. ಎರಡನೆಯದು, ನಡುವೆ ಯಾರೂ ಕೂತು ಆರಿಸುವುದಿಲ್ಲ. ಹಾಕಿದ್ದೆಲ್ಲ ಬರುತ್ತದೆ, ಹಾಕಿದ ಕ್ರಮದಲ್ಲೇ ಬರುತ್ತದೆ. ಇದು ನಿಮಗೆ ಇಷ್ಟವಾಗಬಹುದು, ಇದು ಬೇಡ ಎಂದು ತೀರ್ಮಾನಿಸುವ ಯಂತ್ರ ಇಲ್ಲ.

'ಇದೆಲ್ಲ ಹಳೇ ಕಾಲದ್ದು, ಸತ್ತುಹೋಗಿದೆ' ಎನ್ನುವವರಿದ್ದಾರೆ. ಹಳೆಯದು ಹೌದು. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಇದರ ಮೊದಲ ರೂಪ ಹುಟ್ಟಿತು. ಅದನ್ನು ಮಾಡಿದವರಲ್ಲಿ ಒಬ್ಬರು ನಮ್ಮ ಐಐಟಿ ಮದ್ರಾಸಿನಲ್ಲಿ ಓದಿದ ರಾಮನಾಥನ್ ಗುಹಾ. ನೆಟ್‌ಸ್ಕೇಪ್ ಬೇಗನೆ ಕೈಬಿಟ್ಟಿತು. ಬೇರೆಯವರು ಎತ್ತಿಕೊಂಡರು. 2000ದ ಡಿಸೆಂಬರಿನಲ್ಲಿ ಬಂದ ಒಂದು ಆವೃತ್ತಿಯನ್ನು ರೂಪಿಸಿದ ತಂಡದಲ್ಲಿ ಆರನ್ ಸ್ವಾರ್ಟ್ಜ್ ಎಂಬ ಹುಡುಗನಿದ್ದ. ಆಗ ಅವನಿಗೆ 14 ವರ್ಷ. 2002ರಲ್ಲಿ ಡೇವ್ ವೈನರ್ ಇಂದಿಗೂ ಬಳಕೆಯಲ್ಲಿರುವ 2.0 ಆವೃತ್ತಿ ತಂದರು, ಮರುವರ್ಷ ಅದರ ನಿಯಮಗಳ ಹಕ್ಕನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕೇಂದ್ರಕ್ಕೆ ಒಪ್ಪಿಸಿ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. 2005ರಲ್ಲಿ ಆಟಮ್ ಎಂಬ ಇನ್ನೊಂದು ರೂಪ ಅಂತರ್ಜಾಲದ ಅಧಿಕೃತ ಮಾನಕಗಳಲ್ಲಿ ಸೇರಿತು. ಅದೇ ವರ್ಷ ಗೂಗಲ್ ರೀಡರ್ ಬಂತು.

ಸತ್ತಿತು ಎಂಬ ಮಾತು ಹುಟ್ಟಿದ್ದು 2013ರ ಜುಲೈ 1ರಂದು ಗೂಗಲ್ ತನ್ನ ಆ ರೀಡರನ್ನು ಮುಚ್ಚಿದಾಗ. 2018ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸ್ ಕೂಡ ಫೀಡ್ ತೋರಿಸುವ ಸೌಲಭ್ಯ ತೆಗೆದುಹಾಕಿತು. ಆದರೆ ಒಂದು ಅಂಗಡಿ ಬಾಗಿಲು ಹಾಕಿತೆಂದು ಊರಲ್ಲಿ ಅಕ್ಕಿ ಬೆಳೆಯುವುದು ನಿಲ್ಲುತ್ತದೆಯೇ? ನೀವು ಕೇಳುವ ಪಾಡ್‌ಕಾಸ್ಟ್‌ಗಳು ಆ್ಯಪ್‌ಗಳಿಗೆ ತಲುಪುವುದು ಇದೇ ಫೀಡಿನ ಮೂಲಕ. ವರ್ಡ್‌ಪ್ರೆಸ್ಸಿನಲ್ಲಿ, ಬ್ಲಾಗರಿನಲ್ಲಿ ಕಟ್ಟಿದ ಸೈಟಿಗೆ ಫೀಡ್ ತಾನಾಗಿ ಬರುತ್ತದೆ, ಮಾಲೀಕರಿಗೆ ಗೊತ್ತಿರಲಿ ಬಿಡಲಿ. ಯೂಟ್ಯೂಬಿನ ಪ್ರತಿ ಚಾನೆಲ್ಲಿಗೂ ಇದೆ. ಕನ್ನಡ ವಿಕಿಪೀಡಿಯದ ಪ್ರತಿ ಪುಟದ ಇತಿಹಾಸಕ್ಕೂ ಇದೆ. ಭಾರತೀಯ ರಿಸರ್ವ್ ಬ್ಯಾಂಕಿನ ಪ್ರಕಟಣೆಗಳಿಗಿದೆ, ಕೇಂದ್ರ ಸರ್ಕಾರದ ಪಿಐಬಿ ಹೊರಡಿಸುವ ಪತ್ರಿಕಾ ಪ್ರಕಟಣೆಗಳಿಗಿದೆ. ಸತ್ತಿರುವುದು ಫೀಡ್ ಅಲ್ಲ, ಹುಡುಕಿಕೊಂಡು ಹೋಗುವ ನಮ್ಮ ಅಭ್ಯಾಸ.

ಇನ್ನು ನನ್ನ ಸಹೋದ್ಯೋಗಿಗಳ ದೊಡ್ಡ ವಾದಕ್ಕೆ ಬರುತ್ತೇನೆ. 'ವಾಟ್ಸಾಪ್ ಇದೆಯಲ್ಲ, ಇನ್ನೇನು ಬೇಕು?'

ವಾಟ್ಸಾಪ್ ಬೇಡ ಎಂದು ನಾನು ಹೇಳುತ್ತಿಲ್ಲ. ನನ್ನ ಸುದ್ದಿ, ನನ್ನ ಫೋಟೊ, ನನ್ನ ಸಂಭಾವನೆಯ ತಗಾದೆ ಎಲ್ಲವೂ ಅದರಲ್ಲೇ ಹೋಗುತ್ತವೆ. ಆದರೆ ಅದು ಹಂಚುವ ಜಾಗ, ಸುದ್ದಿಯ ಮೂಲವಲ್ಲ. ಗುಂಪಿಗೆ ಬರುವ ಪ್ರತಿ ಪಿಡಿಎಫ್ಫೂ ಯಾರೋ ಒಬ್ಬರಿಗೆ ಅದನ್ನು ಕಳಿಸಬೇಕು ಎನಿಸಿದ್ದರಿಂದ ಬಂದದ್ದು. ಕಳಿಸಬೇಕು ಎನಿಸದಿದ್ದರೆ? ಅಥವಾ ಕಳಿಸಬಾರದು ಎನಿಸಿದ್ದರೆ? ನಮ್ಮ ಬಹುತೇಕ 'ಮೀಡಿಯಾ ಗ್ರೂಪ್'ಗಳ ಅಡ್ಮಿನ್ ಯಾರು? ಒಂದೋ ಯಾವುದಾದರೂ ಕಚೇರಿಯ ಸಿಬ್ಬಂದಿ, ಇಲ್ಲವೇ ಒಬ್ಬ ರಾಜಕಾರಣಿಯ ಆಪ್ತ ಸಹಾಯಕ. ಸಚಿವರು ಸಸಿ ನೆಟ್ಟ ಫೋಟೊ ಹನ್ನೆರಡು ನಿಮಿಷದಲ್ಲಿ ಬರುತ್ತದೆ. ಆಕ್ಷೇಪಣೆ ಕರೆದ ನೋಟಿಸು ಒಂಬತ್ತು ದಿನಕ್ಕೆ ಬರುತ್ತದೆ. ಇದರ ಹಿಂದೆ ಸಂಚಿದೆ ಎನ್ನುವುದಿಲ್ಲ. ಅವರಿಗೆ ಬೇಕಾದ್ದನ್ನು ಅವರು ಕಳಿಸುತ್ತಾರೆ. ನಮಗೆ ಬೇಕಾದ್ದನ್ನು ನಾವು ತೆಗೆದುಕೊಳ್ಳಬೇಕು. ಕೊಟ್ಟದ್ದನ್ನು ತೆಗೆದುಕೊಂಡು ಸುಮ್ಮನಿರುವುದಕ್ಕೆ ಡಿಪ್ಲೊಮಾ ಏಕೆ ಬೇಕಿತ್ತು?

ಫಾರ್ವರ್ಡ್ ಆದದ್ದಕ್ಕೆ ಊರೂ ಇಲ್ಲ, ಹುಟ್ಟಿದ ತಾರೀಖೂ ಇಲ್ಲ. ಹಳೇ ವರ್ಷದ ರಜೆ ಆದೇಶ ಪ್ರತಿ ಮಳೆಗಾಲಕ್ಕೂ ಎದ್ದು ಬಂದು ಶಾಲೆ ಮಕ್ಕಳನ್ನು ದಾರಿ ತಪ್ಪಿಸುವುದು ನಮಗೆಲ್ಲ ಗೊತ್ತು. ಸುಳ್ಳು ಹಬ್ಬುವುದನ್ನು ತಡೆಯಲೆಂದೇ 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸದಂತೆ ಕಡಿವಾಣ ಹಾಕಿತು. ಕಡಿವಾಣ ಬಿದ್ದದ್ದು ಸಂಖ್ಯೆಗೆ, ಮೂಲ ಯಾವುದು ಎಂಬುದು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಾಗುವುದಿಲ್ಲ. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ನಿಂತುಹೋದದ್ದು ನೆನಪಿದೆಯೇ? ಆ ರಾತ್ರಿ ಸೈಟುಗಳೆಲ್ಲ ತೆರೆದೇ ಇದ್ದವು. ದಾರಿ ಗೊತ್ತಿರದೆ ಕೈಕಟ್ಟಿ ಕೂತವರು ನಾವು.

ಎರಡನೇ ವಾದ: 'ಫೇಸ್‌ಬುಕ್ ಪೇಜ್ ಲೈಕ್ ಮಾಡಿದರೆ ಬರುತ್ತದೆ.' ಬರುವುದಿಲ್ಲ. ಫೀಡ್ ಎಂಬ ಪದವನ್ನೇ ಫೇಸ್‌ಬುಕ್ 2006ರಲ್ಲಿ ತನ್ನ ಮುಖಪುಟಕ್ಕೆ ಅಂಟಿಸಿಕೊಂಡಿತು, ಅದರ ಗುಣವನ್ನು ಮಾತ್ರ ತೆಗೆದುಕೊಳ್ಳಲಿಲ್ಲ. 2018ರ ಜನವರಿಯಲ್ಲಿ ಅವರೇ ಬಹಿರಂಗವಾಗಿ ಹೇಳಿದರು: ಇನ್ನು ಮುಂದೆ ಗೆಳೆಯರ, ಮನೆಯವರ ಪೋಸ್ಟುಗಳಿಗೆ ಆದ್ಯತೆ, ಸುದ್ದಿ ಸಂಸ್ಥೆ ಮತ್ತು ವ್ಯಾಪಾರಿ ಪುಟಗಳದ್ದು ಕಡಿಮೆ ಕಾಣುತ್ತದೆ ಎಂದು. ಊರೂರು ಸುತ್ತಿ ಲೈಕ್ ಕೂಡಿಸಿದ ಸಣ್ಣ ಪತ್ರಿಕೆಗಳು ಒಂದು ಪ್ರಕಟಣೆಯಿಂದ ಬದಿಗೆ ಸರಿದವು.

ಇನ್ನೂ ದೊಡ್ಡ ಪಾಠ ಕೆನಡಾದ್ದು. ಸುದ್ದಿ ಸಂಸ್ಥೆಗಳಿಗೆ ಹಣ ಕೊಡಬೇಕು ಎಂಬ ಕಾನೂನು ಬಂದಾಗ ಮೆಟಾ ಕಂಪನಿ 2023ರ ಆಗಸ್ಟಿನಿಂದ ಆ ದೇಶದಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೇಲೆ ಸುದ್ದಿಯನ್ನೇ ಬಂದ್ ಮಾಡಿತು. ಅದೇ ತಿಂಗಳು ಉತ್ತರದ ಯೆಲ್ಲೊನೈಫ್ ಪಟ್ಟಣದ ಹತ್ತಿರ ಕಾಡ್ಗಿಚ್ಚು ಬಂದು ಸುಮಾರು 20,000 ಜನ ಊರು ಬಿಟ್ಟು ಹೊರಡಬೇಕಾಯಿತು. ಆ ಹೊತ್ತಿನಲ್ಲೂ ಸ್ಥಳೀಯ ಸುದ್ದಿತಾಣದ ಕೊಂಡಿಯನ್ನು ಫೇಸ್‌ಬುಕ್ಕಿನಲ್ಲಿ ಹಂಚಲು ಆಗುತ್ತಿರಲಿಲ್ಲ. ಕಾನೂನು ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಓದುಗನಿಗೂ ಪತ್ರಿಕೆಗೂ ನಡುವಿನ ಬಾಗಿಲ ಕೀಲಿಯನ್ನು ಮೂರನೆಯವನ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದಷ್ಟೇ ನಾನು ಹೇಳುತ್ತಿರುವುದು. ಬೀಗ ಹಾಕುವ ದಿನ ಅವನು ನಮ್ಮನ್ನು ಕೇಳುವುದಿಲ್ಲ.

ಮೂರನೇ ವಾದ ಸ್ವಲ್ಪ ತೂಕದ್ದು: 'ಹಳ್ಳಿಯ ಜನ ಫೀಡ್ ರೀಡರ್ ಬಳಸುತ್ತಾರಾ?' ಬಳಸುವುದಿಲ್ಲ. ಆ ಹೆಣ್ಣುಮಗಳು ಬಳಸಬೇಕೆಂದು ನಾನು ನಿರೀಕ್ಷಿಸುವುದೂ ಇಲ್ಲ. ಬಳಸಬೇಕಾದವರು ನಾವು. ಎಲ್ಲರೂ ಬಾವಿಗೆ ಇಳಿಯಬೇಕಿಲ್ಲ, ನೀರು ಸೇದುವವರಿಗೆ ಹಗ್ಗ ಇದ್ದರೆ ಸಾಕು. ಒಂದು ತಾಲ್ಲೂಕಿನಲ್ಲಿ ಇಬ್ಬರು ಸ್ಟ್ರಿಂಗರ್‌ಗಳು, ಒಬ್ಬ ಗ್ರಂಥಾಲಯ ಮೇಲ್ವಿಚಾರಕ, ಒಬ್ಬ ಕಾಲೇಜು ಉಪನ್ಯಾಸಕಿ ಫೀಡ್ ನೋಡಿದರೆ ಸಾಕು. ಅಲ್ಲಿಂದ ಮುಂದಕ್ಕೆ ವಾಟ್ಸಾಪ್ ಇದೆ, ಪಂಚಾಯ್ತಿ ಬೋರ್ಡ್ ಇದೆ, ಹಾಲಿನ ಡೇರಿ ಇದೆ, ಜಾತ್ರೆಯ ಮೈಕ್ ಇದೆ.

ನಾಲ್ಕನೆಯದು ಪತ್ರಿಕೆಯವರ ವಾದ: 'ಫೀಡ್ ಕೊಟ್ಟರೆ ನಮ್ಮ ಸೈಟಿಗೆ ಯಾರು ಬರುತ್ತಾರೆ? ಜಾಹೀರಾತಿನ ಗತಿ ಏನು? ಕದಿಯುವವರಿಗೆ ಸಲೀಸಾಗುತ್ತದೆ.' ಕದಿಯುವವರು ಫೀಡಿಗಾಗಿ ಕಾಯುತ್ತಿಲ್ಲ ಸ್ವಾಮಿ. ನನ್ನ ಸುದ್ದಿ ಅಚ್ಚಾದ ಒಂದು ಗಂಟೆಗೆ, ನನ್ನ ಕಾಗುಣಿತದ ತಪ್ಪೂ ಸೇರಿದಂತೆ, ಮೂರು 'ನ್ಯೂಸ್ ಪೋರ್ಟಲ್'ಗಳಲ್ಲಿ ಇರುತ್ತದೆ. ಸೈಟಿಗೆ ಜನ ಬರಬೇಕೆಂದರೆ ಶೀರ್ಷಿಕೆ ಮತ್ತು ಮೊದಲ ಪ್ಯಾರಾ ಮಾತ್ರ ಫೀಡಿನಲ್ಲಿ ಬಿಡಿ, ಅದಕ್ಕೂ ಅವಕಾಶವಿದೆ. ಆದರೆ ಸಣ್ಣ ತಾಣಗಳು ಪೂರ್ತಿ ಬರಹವನ್ನೇ ಕೊಡಬೇಕು ಎಂಬುದು ನನ್ನ ವಾದ. ಕಾರಣ ನಮ್ಮ ಸಿಗ್ನಲ್. ಜಾಹೀರಾತು, ತಾನಾಗಿ ಓಡುವ ವಿಡಿಯೊ, ಮೇಲೆ ಹಾರಿ ಬರುವ ಡಬ್ಬಿಗಳನ್ನು ಹೊತ್ತ ಪುಟ ನಮ್ಮ ಹೋಬಳಿಯಲ್ಲಿ ತೆರೆಯುವ ಹೊತ್ತಿಗೆ ಓದುಗ ಮೊಬೈಲು ಜೇಬಿಗಿಟ್ಟಿರುತ್ತಾನೆ. ಫೀಡಿನ ಬರಹ ಬರೀ ಅಕ್ಷರ, ಬಲು ಹಗುರ. ತಾಲ್ಲೂಕು ಕೇಂದ್ರದಲ್ಲಿ ನೆಟ್‌ವರ್ಕ್ ಸಿಕ್ಕಾಗ ಇಳಿಸಿಕೊಂಡು, ಕೊನೇ ಬಸ್ಸಿನಲ್ಲಿ ಸಿಗ್ನಲ್ ಇಲ್ಲದೆಯೂ ಓದಬಹುದು. ಕಳೆದೊಂದು ವರ್ಷದಿಂದ ನಾನು ಹಾಗೆಯೇ ಓದುತ್ತಿದ್ದೇನೆ.

ಬೇರೆಯವರಿಗೆ ಬೈದು ನಮ್ಮ ಮನೆಯ ಕಸ ಮುಚ್ಚಿಡುವುದು ಸರಿಯಲ್ಲ. ನಾವು ಗ್ರಾಮೀಣ ಪತ್ರಿಕೋದ್ಯಮ ಓದಿದ ಗೆಳೆಯರು ಸೇರಿ ಬರೆಯುತ್ತಿರುವ ಈ ತಾಣದ ಫೀಡ್ ನಾಲ್ಕು ತಿಂಗಳು ಕೆಟ್ಟು ಕೂತಿತ್ತು. ವಿನ್ಯಾಸ ಬದಲಿಸುವಾಗ ಒಂದು ಕಡತದ ಆರಂಭದಲ್ಲಿ ಒಂದೇ ಒಂದು ಖಾಲಿ ಸಾಲು ಸೇರಿಕೊಂಡಿತ್ತು. ಎಕ್ಸ್‌ಎಂಎಲ್ ಎಂಬ ಆ ಬರವಣಿಗೆಯ ಪದ್ಧತಿ ಬಲು ಮಡಿ. ಮೊದಲ ಘೋಷಣೆಗಿಂತ ಮುಂಚೆ ಖಾಲಿ ಸಾಲಿದ್ದರೂ ಇಡೀ ಫೀಡನ್ನು ತಿರಸ್ಕರಿಸುತ್ತದೆ. ಸರಿಪಡಿಸಲು ಹಿಡಿದದ್ದು ಎರಡು ನಿಮಿಷ. ಕೆಟ್ಟಿದೆ ಎಂದು ಗೊತ್ತಾಗಲು ಹಿಡಿದದ್ದು ನಾಲ್ಕು ತಿಂಗಳು. ಯಾಕೆಂದರೆ ಬರೆಯುವ ಹನ್ನೊಂದು ಜನರಲ್ಲಿ ಒಬ್ಬರೂ ನಮ್ಮದೇ ಫೀಡನ್ನು ಓದುತ್ತಿರಲಿಲ್ಲ. ಅಷ್ಟೂ ದಿನ 'ಓದುಗರು ಕಡಿಮೆಯಾಗಿದ್ದಾರೆ' ಎಂದು ಗೊಣಗುತ್ತಿದ್ದೆವು.

ಹಾಗಾದರೆ ಏನು ಮಾಡಬೇಕು? ನಾನು ಮಾಡುತ್ತಿರುವುದನ್ನು ಹೇಳುತ್ತೇನೆ.

ಮೊಬೈಲಿನಲ್ಲಿ ಒಂದು ರೀಡರ್ ಹಾಕಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ 'ಫೀಡರ್' ಎಂಬ ಉಚಿತ, ಮುಕ್ತ ತಂತ್ರಾಂಶವಿದೆ, ಅದಕ್ಕೆ ಖಾತೆ ತೆರೆಯುವ ಗೋಜೂ ಇಲ್ಲ. ಕಂಪ್ಯೂಟರಿನಲ್ಲಿ ಇಮೇಲಿಗೆ ಥಂಡರ್‌ಬರ್ಡ್ ಬಳಸುವವರಿಗೆ ಅದರೊಳಗೇ ಫೀಡ್ ಓದುವ ಸೌಲಭ್ಯವಿದೆ. ಫೀಡ್ಲಿ, ಇನೊರೀಡರ್ ಥರದವು ಎರಡೂ ಕಡೆ ನಡೆಯುತ್ತವೆ. ಸೈಟಿನ ವಿಳಾಸ ಕೊಟ್ಟರೆ ಫೀಡ್ ಎಲ್ಲಿದೆ ಎಂದು ರೀಡರೇ ಬಹುಪಾಲು ಹುಡುಕಿಕೊಳ್ಳುತ್ತದೆ. ಹುಡುಕದಿದ್ದರೆ ನಾನು ಹೇಳಿದ ಓರೆಗೀಟಿನ ಉಪಾಯ ನೋಡಿ.

ಮೊದಲ ದಿನವೇ ನೂರು ಫೀಡ್ ಸುರಿದುಕೊಳ್ಳಬೇಡಿ. ನಾನು ಆ ತಪ್ಪು ಮಾಡಿ ಒಂದೇ ವಾರದಲ್ಲಿ ಮೂರು ಸಾವಿರ ಓದದ ಸಾಲುಗಳನ್ನು ಕಂಡು ಬೆಚ್ಚಿಬಿದ್ದೆ. ದೊಡ್ಡ ಪತ್ರಿಕೆಗಳ ಫೀಡ್ ಬೇಡ, ಅವು ಹೇಗಿದ್ದರೂ ಕಣ್ಣಿಗೆ ಬೀಳುತ್ತವೆ. ಅಪರೂಪಕ್ಕೆ ಬದಲಾಗುವ, ಆದರೆ ಬದಲಾದರೆ ಯಾರದೋ ಬದುಕಿಗೆ ತಾಗುವ ಪುಟಗಳನ್ನು ಸೇರಿಸಿ. ನೇಮಕಾತಿ, ಟೆಂಡರ್, ವಿದ್ಯಾರ್ಥಿವೇತನ, ಕರಡು ಅಧಿಸೂಚನೆ, ಪರಿಸರ ಸಾರ್ವಜನಿಕ ಅಹವಾಲು. ಈ ಕೊನೆಯದನ್ನೇ ನೋಡಿ. 2006ರ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆಯ ಪ್ರಕಾರ ಅಹವಾಲಿಗೆ ಮೊದಲು ಜನರಿಗೆ ಕನಿಷ್ಠ 30 ದಿನದ ನೋಟಿಸು ಇರಬೇಕು. ಆ 30ರಲ್ಲಿ 25 ದಿನ ನಮಗೇ ಗೊತ್ತಾಗದೆ ಕಳೆದರೆ ಊರಿನವರು ವರದಿ ಓದುವುದು ಯಾವಾಗ, ವಕೀಲರನ್ನು ಕೇಳುವುದು ಯಾವಾಗ, ಪ್ರಶ್ನೆ ಬರೆದುಕೊಳ್ಳುವುದು ಯಾವಾಗ? ಕಾನೂನು ಕೊಟ್ಟ ದಿನಗಳನ್ನು ನಮ್ಮ ಸೋಮಾರಿತನ ತಿಂದುಹಾಕುತ್ತದೆ.

ಫೀಡ್ ಇಲ್ಲದ ಪುಟಗಳೂ ಬಹಳ ಇವೆ. ಅವನ್ನು ಕೈಯಿಂದಲೇ ನೋಡಬೇಕು. ನಾವು ಆರು ಜನ ಹಂಚಿಕೊಂಡಿದ್ದೇವೆ. ತಲಾ ಐದು ಪುಟ, ಪ್ರತಿದಿನ ಬೆಳಿಗ್ಗೆ ಮತ್ತು ಸಂಜೆ. ಹೊಸದು ಕಂಡರೆ ನಮ್ಮದೇ ಒಂದು ಪುಟ್ಟ ಬ್ಲಾಗರ್ ಪುಟದಲ್ಲಿ ಶೀರ್ಷಿಕೆ, ಕೊಂಡಿ, ಕೊನೆಯ ದಿನಾಂಕ ಹಾಕುತ್ತೇವೆ. ಹಾಕಿದ ಕೂಡಲೇ ಅದು ಫೀಡ್ ಆಗುತ್ತದೆ. ಇಲ್ಲದ ಫೀಡನ್ನು ಹೀಗೆ ನಾವೇ ಹುಟ್ಟಿಸಿಕೊಂಡೆವು.

ಹಂಚುವಾಗಲೂ ಒಂದು ನಿಯಮ ಇಟ್ಟುಕೊಂಡಿದ್ದೇವೆ. ಮೂರು ವಿಷಯ ಇಲ್ಲದೆ ಏನನ್ನೂ ಫಾರ್ವರ್ಡ್ ಮಾಡುವುದಿಲ್ಲ: ಮೂಲ ಪುಟದ ಕೊಂಡಿ, ಅದು ಪ್ರಕಟವಾದ ದಿನ, ಗಡುವಿನ ದಿನ. ಬರೀ ಪಿಡಿಎಫ್ ದಾಟಿಸುವವರಿಗೆ ಗುಂಪಿನಲ್ಲೇ 'ಎಲ್ಲಿಂದ ಬಂತು ಅಣ್ಣ?' ಎಂದು ಕೇಳುತ್ತೇವೆ. ಮೊದಮೊದಲು ಸಿಡುಕುತ್ತಿದ್ದರು. ಈಗ ಅವರೂ ಕೊಂಡಿ ಹಾಕುತ್ತಾರೆ.

ರೀಡರಿನಲ್ಲಿರುವ ಫೀಡುಗಳ ಪಟ್ಟಿಯನ್ನು ಒಪಿಎಂಎಲ್ ಎಂಬ ಒಂದೇ ಕಡತವಾಗಿ ಹೊರತೆಗೆಯಬಹುದು. ಅದನ್ನು ಇನ್ನೊಬ್ಬರಿಗೆ ಕೊಟ್ಟರೆ ಅವರ ರೀಡರಿನಲ್ಲಿ ಅಷ್ಟೂ ಫೀಡು ಒಂದೇ ಸಲಕ್ಕೆ ಕೂರುತ್ತವೆ. ನನ್ನದರಲ್ಲಿ ಈಗ 43 ಇವೆ. ನಾನು ಈ ಕೆಲಸಕ್ಕೆ ಬಂದಾಗ ನನಗಿಂತ ಮುಂಚೆ ಇದ್ದ ವರದಿಗಾರರು ನನ್ನ ಕೈಗೆ ಕೊಟ್ಟದ್ದು ಹನ್ನೆರಡು ಫೋನ್ ನಂಬರಿದ್ದ ಒಂದು ಚೀಟಿ. ಅದರಲ್ಲಿ ಏಳು ಜನ ಎರಡೇ ವರ್ಷದಲ್ಲಿ ವರ್ಗವಾಗಿ ಹೋದರು. ಅಧಿಕಾರಿ ವರ್ಗವಾಗುತ್ತಾರೆ, ಪುಟ ಅಲ್ಲೇ ಇರುತ್ತದೆ. ನನ್ನ ನಂತರ ಬರುವವರಿಗೆ ಆ ಚೀಟಿಯ ಜೊತೆಗೆ ಈ ಕಡತವನ್ನೂ ಕೊಟ್ಟು ಹೋಗುತ್ತೇನೆ.

ಕೊನೆಗೆ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ. ಇದನ್ನು ಉಪಕಾರ ಎಂದು ಕೇಳಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ ಓದಿ. ಯಾರೂ ಅರ್ಜಿ ಹಾಕದೆಯೇ ಮಾಹಿತಿಯನ್ನು ತಾನಾಗಿ, ನಿಯತವಾಗಿ, ಅಂತರ್ಜಾಲವೂ ಸೇರಿದಂತೆ ಹಲವು ಮಾಧ್ಯಮಗಳಲ್ಲಿ ಜನರಿಗೆ ತಲುಪಿಸಲು ಪ್ರತಿ ಸಾರ್ವಜನಿಕ ಪ್ರಾಧಿಕಾರ ಸತತವಾಗಿ ಪ್ರಯತ್ನಿಸಬೇಕು ಎನ್ನುತ್ತದೆ. ಸ್ಥಳೀಯ ಭಾಷೆಯನ್ನು, ಆ ಪ್ರದೇಶದಲ್ಲಿ ಜನರನ್ನು ಮುಟ್ಟುವ ವಿಧಾನವನ್ನು ಗಮನದಲ್ಲಿಡಬೇಕು ಎಂದೂ ಹೇಳುತ್ತದೆ. ಸೈಟಿನ ಮೂಲೆಯೊಂದರಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಿ 'ಹಾಕಿದ್ವಲ್ಲ' ಎನ್ನುವುದು ತಲುಪಿಸಿದಂತಲ್ಲ. ಬಾಗಿಲ ಹಿಂದೆ ನೋಟಿಸು ಅಂಟಿಸಿದಂತೆ.

ನಮ್ಮ ಬೇಡಿಕೆ ನಾಲ್ಕೇ ನಾಲ್ಕು. ನೋಟಿಸು ಹಾಕುವ ಪ್ರತಿ ಪುಟಕ್ಕೂ ಫೀಡ್ ಇರಲಿ, ಅದರ ಗುರುತು ಪುಟದಲ್ಲೇ ಕಾಣಲಿ. ಪ್ರತಿ ನೋಟಿಸಿಗೂ ಅದನ್ನು ಹಾಕಿದ ದಿನಾಂಕ ಇರಲಿ. ಶೀರ್ಷಿಕೆ 'ಪ್ರಕಟಣೆ', 'ಹೊಸದು' ಎಂದಿರದೆ ಯಾವ ಹುದ್ದೆ, ಯಾವ ತಾಲ್ಲೂಕು, ಕೊನೆ ದಿನ ಯಾವುದು ಎಂದು ಹೇಳಲಿ. ಅಕ್ಷರಗಳು ಯುನಿಕೋಡ್ ಕನ್ನಡದಲ್ಲಿರಲಿ. ಹಳೇ ಫಾಂಟಿನಲ್ಲಿ ಬೆರಳಚ್ಚು ಮಾಡಿ ಹಾಗೇ ಅಂಟಿಸಿದ ಶೀರ್ಷಿಕೆ ಫೀಡಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಇದಕ್ಕೆ ಕೋಟಿ ರೂಪಾಯಿಯ ಆ್ಯಪ್ ಬೇಡ, ಸಚಿವರ ಉದ್ಘಾಟನೆ ಬೇಡ. ರಿಸರ್ವ್ ಬ್ಯಾಂಕಿಗೆ ಸಾಧ್ಯವಾದದ್ದು ಜಿಲ್ಲೆಯ ಕಚೇರಿಗೂ ಸಾಧ್ಯ. ಆದರೆ ಇದ್ದ ಫೀಡನ್ನೇ ಬಳಸದ ನಾವು ಇಲ್ಲದ್ದನ್ನು ಯಾವ ಬಾಯಲ್ಲಿ ಕೇಳುವುದು? ಮೊದಲು ಬಳಸಬೇಕು, ಆಮೇಲೆ ಕೇಳಬೇಕು.

ಆ ಹೆಣ್ಣುಮಗಳ ಕೆಲಸ ಕೈತಪ್ಪಿತು. ಮೇಲಿನವರಿಗೆ ಮನವಿ ಕೊಟ್ಟೆವು, ಸ್ವೀಕೃತಿ ಸಿಕ್ಕಿತು, ಅದರಾಚೆ ಏನೂ ಆಗಲಿಲ್ಲ. ಈಗಲೂ ಅವರು ಹೊಲಿಗೆ ಯಂತ್ರದ ಮೇಲೇ ಇದ್ದಾರೆ. ಈ ಜೂನಿನಲ್ಲಿ ಅದೇ ಥರದ ಇನ್ನೊಂದು ಪಟ್ಟಿ ಒಂದು ಬುಧವಾರ ರಾತ್ರಿ ಎಂಟಕ್ಕೆ ನನ್ನ ಫೀಡಿಗೆ ಬಂತು. ಗುರುವಾರ ಬೆಳಿಗ್ಗೆ ನಾಲ್ಕು ಪಂಚಾಯ್ತಿಗಳ ಬೋರ್ಡಿನಲ್ಲಿ ಅದರ ಪ್ರತಿ ಇತ್ತು, ಕೆಳಗೆ ಗಡುವಿನ ದಿನವನ್ನು ಕೆಂಪು ಮಸಿಯಲ್ಲಿ ಬರೆದಿದ್ದೆವು. ಆ ಸಲ ಇಬ್ಬರು ಸಕಾಲದಲ್ಲಿ ಆಕ್ಷೇಪಣೆ ಹಾಕಿದರು. ಪತ್ರಿಕೆಯಲ್ಲಿ ಅದು ಸುದ್ದಿಯಾಗಲಿಲ್ಲ, ನನಗೆ ಒಂದು ರೂಪಾಯಿ ಸಂಭಾವನೆಯೂ ಬರಲಿಲ್ಲ.

ನಿಮ್ಮ ಜಿಲ್ಲೆಯ ಪಟ್ಟಿ ಮಾಡಿ. ಹತ್ತೇ ಫೀಡ್ ಇದ್ದರೂ ಸಾಕು, ನಮಗೆ ಕಳಿಸಿ, ನಮ್ಮದನ್ನು ಕಳಿಸುತ್ತೇವೆ. 31 ಜಿಲ್ಲೆಗಳ 31 ಕಡತ ಕೂಡಿದರೆ ರಾಜ್ಯದ ಯಾವ ನೋಟಿಸೂ ನಮ್ಮ ಕಣ್ಣು ತಪ್ಪಿಸಿ ಏಳು ದಿನ ದಾಟುವುದು ಕಷ್ಟ. 'ನಿಮಗೂ ಗೊತ್ತಾಗ್ಲಿಲ್ವಾ?' ಎಂದು ಇನ್ನೊಬ್ಬರು ಕೇಳುವ ಮೊದಲು ಈ ಕೆಲಸ ಶುರು ಮಾಡೋಣ.